ಒಂದು ನಿಘಂಟು, ನಾಲ್ಕು ಡೆಬಿಯನ್ ಪ್ಯಾಕೇಜು

ಧಾರವಾಡ ಕನ್ನಡದ ಮಾತುಗಳಿಗೆ ಉಚ್ಚಾರದ ಧ್ವನಿಯನ್ನೂ ಸೇರಿಸಿದ ನಿಘಂಟೊಂದಿದೆ ಅನ್ನಿ. ತಂತ್ರಾಂಶ 2 ಎಂಬಿ, ಧ್ವನಿ 300 ಎಂಬಿ. ಗದಗಿನ ಒಂದು ಲ್ಯಾಬಿನಲ್ಲಿ ಡೆಬಿಯನ್ (ಲಿನಕ್ಸಿನ ಒಂದು ಬಗೆ) ಇರುವ 30 ಕಂಪ್ಯೂಟರಿದ್ದು ಎಲ್ಲವೂ ಒಂದೇ ಪ್ಯಾಕೇಜಿನಲ್ಲಿ, ಅಂದರೆ ಇನ್‌ಸ್ಟಾಲ್ ಮಾಡುವ ಒಂದೇ ಕಟ್ಟಿನಲ್ಲಿ ಇದ್ದರೆ, ಒಂದು ಅಕ್ಷರದೋಷ ತಿದ್ದಿದಾಗಲೂ 9 ಜಿಬಿಗೂ ಹೆಚ್ಚು ಇಳಿಸಬೇಕಾದೀತು.

ಪ್ಯಾಕೇಜುಗಳ ವಿವರವಿರುವ ಕಂಟ್ರೋಲ್ ಕಡತದಲ್ಲಿ ಇನ್ನೊಂದು ಪ್ಯಾಕೇಜಿನ ಹೆಸರು ಸೇರಿಸಿದರೆ ಇದು ತಪ್ಪುವುದಿಲ್ಲ. ಒಂದೇ ಮೂಲ ಪ್ಯಾಕೇಜಿನಿಂದ (ಸೋರ್ಸ್ ಕಡತಗಳ ಕಟ್ಟು) ಬಂದವಕ್ಕೆಲ್ಲ ಸಾಮಾನ್ಯವಾಗಿ ಒಂದೇ ಆವೃತ್ತಿ ಸಂಖ್ಯೆ ಬೀಳುತ್ತದೆ. ಆಗ ಧ್ವನಿಯಲ್ಲಿ ಏನೂ ಬದಲಾಗದಿದ್ದರೂ ಪ್ಯಾಕೇಜು ಇಳಿಸುವ ಸಾಧನವಾದ ಆಪ್ಟ್ ಅದನ್ನು ಮತ್ತೆ ಇಳಿಸುತ್ತದೆ. ಆದ್ದರಿಂದ ಧ್ವನಿಗೆ ಬೇರೆಯೇ ಮೂಲ ಪ್ಯಾಕೇಜು ಮಾಡಿ, ಆರ್ಕಿಟೆಕ್ಚರ್ 'ಆಲ್' (ಎಲ್ಲ ಬಗೆಯ ಯಂತ್ರಕ್ಕೂ ಒಂದೇ) ಎಂದು ಬರೆಯಿರಿ. ನಿಘಂಟು ಅದನ್ನು 'ರೆಕಮೆಂಡ್ಸ್' ಎಂದು ಕೇಳಿದರೆ ಸಾಕು. ಧ್ವನಿ ಬೇಡದವರು ಬಿಡಬಹುದು.

ಉಳಿದದ್ದನ್ನು ಒಂದೇ ಮೂಲದಿಂದ ಮೂರಾಗಿ ಒಡೆಯಿರಿ: ತಂತ್ರಾಂಶ, ಅದು ಬಳಸುವ ಕೋಡಿನ ಲೈಬ್ರರಿ, ಆ ಲೈಬ್ರರಿ ಬಳಸಿ ತಂತ್ರಾಂಶ ಬರೆಯುವವರಿಗೆ ಬೇಕಾದ ಹೆಡರ್ ಕಡತಗಳ 'ಡೆವ್' ಪ್ಯಾಕೇಜು. ಪ್ರತಿಯೊಂದರ ವಿವರದ ನಡುವೆ ಖಾಲಿ ಸಾಲು ಬಿಡಿ. ಲೈಬ್ರರಿಯ ಹೆಸರಿನ ಕೊನೆಗೆ ಅದರ ಎಸ್ಒ ಸಂಖ್ಯೆ (ಹೊಂದಾಣಿಕೆ ಮುರಿದಾಗ ಬದಲಾಗುವ ಸಂಖ್ಯೆ) ಬರಲಿ, ನಾಳೆ ಸಂಖ್ಯೆ 1ರಿಂದ 2ಕ್ಕೆ ಹೋದಾಗ ಎರಡೂ ಒಟ್ಟಿಗೆ ಇರಬಲ್ಲವು. 'ಡೆವ್' ಮಾತ್ರ ಲೈಬ್ರರಿಯ ಅದೇ ಆವೃತ್ತಿಯನ್ನೇ ಕೇಳಬೇಕು.

ಪ್ಯಾಕೇಜು ಒಂದೇ ಇದ್ದಾಗ, ಪ್ಯಾಕೇಜು ಕಟ್ಟುವ ಸಾಧನವಾದ ಡೆಬ್‌ಹೆಲ್ಪರ್ ಕಡತಗಳನ್ನು ನೇರವಾಗಿ ಅದರೊಳಗೇ ಇಡುತ್ತದೆ. ಎರಡನೆಯದು ಬಂದೊಡನೆ ಎಲ್ಲವೂ ಟಿಎಂಪಿ ಫೋಲ್ಡರಿಗೆ ಹೋಗುತ್ತದೆ. ಯಾವುದು ಎಲ್ಲಿಗೆ ಎಂದು ಒಂದೊಂದು ಪ್ಯಾಕೇಜಿಗೂ 'ಇನ್‌ಸ್ಟಾಲ್' ಕಡತ ಬರೆಯದಿದ್ದರೆ ಪ್ಯಾಕೇಜುಗಳು ಬರಿದಾಗಿ ಹುಟ್ಟುತ್ತವೆ. ಈ ಸಾಧನದ ಕಂಪ್ಯಾಟ್ (ನಡವಳಿಕೆಯ ಹಂತ) 13ರಲ್ಲಿ, ಯಾವ ಪಟ್ಟಿಗೂ ಸೇರದ ಕಡತ ಉಳಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ದಯವಿಟ್ಟು ಆ ಎಚ್ಚರಿಕೆಯ ಬಾಯಿ ಮುಚ್ಚಿಸಬೇಡಿ; ಬೇಡದ ಕಡತವನ್ನು 'ನಾಟ್-ಇನ್‌ಸ್ಟಾಲ್ಡ್' ಪಟ್ಟಿಗೆ ಹೆಸರಿಟ್ಟೇ ಸೇರಿಸಿ.

ಬಳಕೆದಾರರಿಗೆ ಪೆಟ್ಟು ಬೀಳುವುದು ಅಪ್‌ಗ್ರೇಡಿನಲ್ಲಿ. ಹಳೆಯ 1.4ರಲ್ಲಿ ಹೆಡರ್ 'ನಿಘಂಟು' ಪ್ಯಾಕೇಜಿನಲ್ಲಿತ್ತು, 2.0-1ರಲ್ಲಿ 'ಡೆವ್'ಗೆ ಹೋಯಿತು. ಹಳೆಯದು ಇನ್ನೂ ಇರುವಾಗ ಹೊಸದು ಅದೇ ಕಡತ ಬರೆಯಹೋದರೆ, ಅದು ಬೇರೆ ಪ್ಯಾಕೇಜಿಗೆ ಸೇರಿದ್ದು ಎಂದು ಪ್ಯಾಕೇಜು ಹಾಕುವ ಡಿಪಿಕೆಜಿ ನಿಲ್ಲಿಸುತ್ತದೆ. ಕಡತವನ್ನು ಪಡೆದ ಪ್ರತಿ ಪ್ಯಾಕೇಜಿನಲ್ಲೂ, ಧ್ವನಿಯದರಲ್ಲೂ, 'ಬ್ರೇಕ್ಸ್' (ಹಳೆಯದರ ಜೊತೆ ಇರಲಾರೆ) ಮತ್ತು 'ರಿಪ್ಲೇಸಸ್' (ಅದರ ಕಡತ ಈಗ ನನ್ನದು) ಎರಡಕ್ಕೂ 'ನಿಘಂಟು (<< 2.0-1~)' ಎಂದು ಬರೆಯಿರಿ. ಕೊನೆಯ ~ ಗುರುತು ಬಿಟ್ಟರೆ 2.0-1ರ ಬ್ಯಾಕ್‌ಪೋರ್ಟ್ (ಹಳೆಯ ಡೆಬಿಯನ್ನಿಗೆ ಹೊಂದಿಸಿದ ರೂಪ) ಇರುವವರಿಗೆ ತೊಂದರೆ, ಏಕೆಂದರೆ ಬ್ಯಾಕ್‌ಪೋರ್ಟಿನ ಸಂಖ್ಯೆಯನ್ನು 2.0-1ಕ್ಕಿಂತ ಚಿಕ್ಕದೆಂದೇ ಎಣಿಸಲಾಗುತ್ತದೆ.

ಹೊಸ ಯಂತ್ರದಲ್ಲಿ ಹಾಕಿ ನೋಡಿದರೆ ಈ ತಪ್ಪು ಕಾಣುವುದೇ ಇಲ್ಲ. ಮೊದಲು 1.4 ಹಾಕಿ, ಆಮೇಲೆ ಅದರ ಮೇಲೆಯೇ ಅಪ್‌ಗ್ರೇಡ್ ಮಾಡಿ. ಆಪ್ಟ್-ಗೆಟ್ ಅಪ್‌ಗ್ರೇಡ್ ಹೊಸ ಪ್ಯಾಕೇಜುಗಳನ್ನು ತರುವುದಿಲ್ಲವಾದ್ದರಿಂದ ನಿಘಂಟು ಹಳೆಯದಾಗಿಯೇ ಉಳಿಯುತ್ತದೆ. ಲ್ಯಾಬಿನವರಿಗೆ ಹೊಸದನ್ನೂ ತರುವ ಆಪ್ಟ್ ಅಪ್‌ಗ್ರೇಡ್ ಬಳಸಲು ಹೇಳಿ.