ರೊಟ್ಟಿ ಮಷಿನ್ ಹಾಕಬೇಕಾ? ಮೊದಲು ಪುಕ್ಕಟೆ ಸಲಹೆ ಕೇಳಿ

ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡುವವರು ಉತ್ತರ ಕರ್ನಾಟಕದ ಊರೂರಲ್ಲಿ ಇದ್ದಾರೆ. ಆರ್ಡರ್ ಜಾಸ್ತಿಯಾದರೆ ಬರುವ ಯೋಚನೆ ಒಂದೇ: ಮಷಿನ್ ಹಾಕೋಣ, ಸಬ್ಸಿಡಿ ಇದೆಯಂತೆ. ಅಷ್ಟರಲ್ಲಿ ಯಾರೋ ಪರಿಚಯದವರು ಬಂದು 'ಫೈಲ್ ನಾನು ಮಾಡಿಸ್ತೀನಿ, ಇಷ್ಟು ಪರ್ಸೆಂಟ್ ಕೊಡಿ' ಅನ್ನುತ್ತಾರೆ. ಕೊಡಬೇಡಿ. ಆ ಕೆಲಸ ಮಾಡಿಕೊಡಲು ಸರ್ಕಾರವೇ ಜನರನ್ನು ಇಟ್ಟಿದೆ, ನಿಮ್ಮಿಂದ ಒಂದು ಪೈಸೆ ತಗೊಳ್ಳುವ ಹಾಗಿಲ್ಲ.

ಆದರೆ ಅವರ ಹತ್ತಿರ ಹೋಗುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ.

ಲೆಕ್ಕ ನೀವೇ ಬರೆಯಿರಿ

ಒಂದು ತಿಂಗಳು ಎಲ್ಲವನ್ನೂ ಬರೆದಿಡಿ. ಹಿಟ್ಟು, ಗ್ಯಾಸ್, ಪ್ಯಾಕಿಂಗ್, ಆಟೊ ಬಾಡಿಗೆ, ಮುರಿದು ಹೋದ ರೊಟ್ಟಿ, ನಿಮ್ಮ ಕೂಲಿ. ಹೌದು, ನಿಮ್ಮ ಕೂಲಿಯನ್ನೂ. ಮನೆ ಮಂದಿ ದುಡಿದದ್ದಕ್ಕೆ ಲೆಕ್ಕವೇ ಇಲ್ಲ ಅಂದುಕೊಂಡರೆ ಲಾಭ ಇದ್ದ ಹಾಗೆ ಕಾಣುತ್ತದೆ, ಅಷ್ಟೇ.

ಉದಾಹರಣೆಗೆ ಒಂದು ರೊಟ್ಟಿ 8 ರೂಪಾಯಿಗೆ ಕೊಡುತ್ತೀರಿ, ಖರ್ಚೆಲ್ಲ ಸೇರಿ ಆರೂವರೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಉಳಿಯುವುದು ಒಂದೂವರೆ ರೂಪಾಯಿ. ದಿನಕ್ಕೆ 300 ರೊಟ್ಟಿ ಹೋದರೆ 450, ತಿಂಗಳಿಗೆ 26 ದಿನ ಹಿಡಿದರೆ 11,700 ರೂಪಾಯಿ. ಈಗ 6 ಲಕ್ಷದ ಮಷಿನ್ ನೋಡಿದ್ದೀರಿ, 60 ಸಾವಿರ ನಿಮ್ಮದು, ಬಾಕಿ 5.40 ಲಕ್ಷ ಸಾಲ ಅನ್ನೋಣ. ಶೇ 11ರ ಬಡ್ಡಿಗೆ 5 ವರ್ಷದ ಕಂತು ಎಷ್ಟು ಗೊತ್ತಾ? ಸಬ್ಸಿಡಿ ಬಿಟ್ಟು ನೋಡಿದರೆ ಅದೂ ಹೆಚ್ಚುಕಡಿಮೆ 11,700. ಅಂದರೆ ಇಂದಿನ ವ್ಯಾಪಾರ ಬರೀ ಬ್ಯಾಂಕಿಗೆ. ಮಷಿನ್ ಬಂದ ಮೇಲೆ ದಿನಕ್ಕೆ ಎಷ್ಟು ರೊಟ್ಟಿ ಹೋಗಬೇಕು, ಅಷ್ಟನ್ನು ಕೊಳ್ಳುವ ಖಾನಾವಳಿ, ಹಾಸ್ಟೆಲ್, ಅಂಗಡಿ ಯಾವುವು ಅಂತ ಹೆಸರು ಸಮೇತ ಬರೆಯಲು ಆಗಬೇಕು. ಇದನ್ನು ಯಾವ ಸಲಹೆಗಾರರೂ ನಿಮಗೆ ಮಾಡಿಕೊಡಲ್ಲ.

ಎರಡು ಬಾಗಿಲು

ಮೊದಲು ಹೋಗಬೇಕಾದ್ದು ನಿಮ್ಮ ಜಿಲ್ಲೆಯ ರುಡ್‌ಸೆಟ್ ಅಥವಾ ಆರ್‌ಸೆಟಿಗೆ, ಅಂದರೆ ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುವ ಸಂಸ್ಥೆಗೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಶುರುಮಾಡಿದ ಮಾದರಿ ಇದು. ಆಮೇಲೆ ಕೇಂದ್ರ ಸರ್ಕಾರ ಅದನ್ನೇ ನೋಡಿ, ದೇಶದಾದ್ಯಂತ ಬ್ಯಾಂಕುಗಳ ಮೂಲಕ ಆರ್‌ಸೆಟಿ ತೆರೆಸಿತು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಗ್ರಾಮೀಣ ಯುವಜನರಿಗೆ ಆದ್ಯತೆ. ವಯಸ್ಸಿನ ಮಿತಿ ಫೋನಿನಲ್ಲೇ ಕೇಳಿಕೊಳ್ಳಿ. ನನ್ನ ಪ್ರಕಾರ ಇವರ ದೊಡ್ಡ ಉಪಯೋಗ ತರಬೇತಿ ಮುಗಿದ ಮೇಲೆ ಗೊತ್ತಾಗುತ್ತದೆ. ಕನಿಷ್ಠ ಎರಡು ವರ್ಷ ನಿಮ್ಮನ್ನು ವಿಚಾರಿಸಿಕೊಳ್ಳುತ್ತಿರಬೇಕು ಅನ್ನುವುದು ಅಲ್ಲಿನ ಪದ್ಧತಿ.

ಎರಡನೆಯದು ಕೃಷಿ ಇಲಾಖೆ. ಆಹಾರ ಪದಾರ್ಥ ಮಾಡುವವರಿಗೆ 2020ರಲ್ಲಿ ಪಿಎಂಎಫ್‌ಎಂಇ ಯೋಜನೆ ಬಂತು. ಕೇಂದ್ರದ ಸಬ್ಸಿಡಿ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಮೇಲೆ ಶೇ 15 ಸೇರಿಸಿ ಒಟ್ಟು ಶೇ 50, ಗರಿಷ್ಠ 15 ಲಕ್ಷ ಮಾಡಿತು. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಅನ್ನುವ ರಾಜ್ಯ ಸರ್ಕಾರಿ ನಿಗಮ. ಯೋಜನೆಯನ್ನು 2025-26ರವರೆಗೆ ವಿಸ್ತರಿಸಿದ್ದರು, ಹಾಗಾಗಿ ಈಗ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ. ಇಲ್ಲ ಅಂದರೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ ಅನ್ನುವ ಸ್ವಂತ ಉದ್ಯೋಗದ ಸಬ್ಸಿಡಿ ಯೋಜನೆ ವಿಚಾರಿಸಿ.

ಪಿಎಂಎಫ್‌ಎಂಇ ಯೋಜನೆಯಲ್ಲಿ ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳು ಇರುತ್ತಾರೆ. ಡಿಆರ್‌ಪಿ ಅನ್ನುತ್ತಾರೆ. ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದು, ಆನ್‌ಲೈನ್ ಅರ್ಜಿ, ಬ್ಯಾಂಕ್ ಜೊತೆ ಮಾತು, ಲೈಸೆನ್ಸ್, ಎಲ್ಲಕ್ಕೂ ಅವರು ಸಹಾಯ ಮಾಡಬೇಕು. ಅವರಿಗೆ ದುಡ್ಡು ಕೊಡುವುದು ಯೋಜನೆ: ಸಾಲ ಮಂಜೂರಾದ ಪ್ರತಿ ಅರ್ಜಿಗೆ 20 ಸಾವಿರ ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲಿ. ಸಾಲ ಮಂಜೂರಾದರೆ ಅವರಿಗೆ ಸಂಭಾವನೆ, ಅಲ್ವಾ? ಅವರು ಒಳ್ಳೆಯವರೇ ಇರಬಹುದು. ಆದರೂ 'ನನಗೆ ಸಾಲವೇ ಬೇಡವಾ? ಚಿಕ್ಕ ಮಷಿನ್ ಸಾಕಾ?' ಅನ್ನುವ ಪ್ರಶ್ನೆಗೆ ಅವರ ಉತ್ತರವೊಂದನ್ನೇ ನಂಬಿ ಕೂರಬೇಡಿ. ಅದೇ ನೋಟ್‌ಬುಕ್ ಹಿಡಿದು ರುಡ್‌ಸೆಟ್‌ನವರನ್ನೂ ಕೇಳಿ. ಆಗಲೇ ಮಷಿನ್ ಹಾಕಿರುವವರನ್ನೂ ಕೇಳಿ, ಆದಷ್ಟು ಪಕ್ಕದ ತಾಲ್ಲೂಕಿನವರನ್ನು, ಯಾಕೆಂದರೆ ನಿಮ್ಮೂರಿನವರು ಪೈಪೋಟಿ ಬರುತ್ತದೆ ಅಂತ ಪೂರ್ತಿ ಬಾಯಿ ಬಿಡಲಿಕ್ಕಿಲ್ಲ.

ಬ್ಯಾಂಕಿನಲ್ಲಿ

ಕೊಟೇಶನ್ ಒಂದೇ ಕಂಪನಿಯದು ಸಾಲದು, ಎರಡು ಮೂರು ತರಿಸಿ. ಹಳೇ ಸಾಲದ ಕಂತು ತಪ್ಪಿದ್ದರೆ ಮೊದಲೇ ಡಿಆರ್‌ಪಿಗೆ ಹೇಳಿಬಿಡಿ, ಬ್ಯಾಂಕಿನವರು ಸಿಬಿಲ್ (ಹಳೇ ಸಾಲ ಕಟ್ಟಿದ ದಾಖಲೆ) ನೋಡೇ ನೋಡುತ್ತಾರೆ. ಸಣ್ಣ ಉದ್ದಿಮೆಗೆ 10 ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕೇಳಿದರೆ ಜಗಳ ಬೇಡ, ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ಮಾಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ.

ಸಬ್ಸಿಡಿ ನಿಮ್ಮ ಕೈಗೆ ಬರಲ್ಲ. ಮೇಲಿನ ಲೆಕ್ಕದ 6 ಲಕ್ಷಕ್ಕೆ 3 ಲಕ್ಷ ಸಬ್ಸಿಡಿ ಆಯಿತು ಅನ್ನಿ, ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ ಕೂರುತ್ತದೆ, ಮೂರು ವರ್ಷ ಘಟಕ ನಡೆದು ಕಂತು ಸರಿಯಾಗಿ ಕಟ್ಟಿದ್ದರೆ ಮಾತ್ರ ಸಾಲಕ್ಕೆ ಜಮಾ ಆಗುತ್ತದೆ. ನಡುವೆ ಮುಚ್ಚಿದರೆ ಸಬ್ಸಿಡಿಯನ್ನು ಮರೆತುಬಿಡಿ. ಜಾಗದ ಬೆಲೆಯನ್ನು ಯೋಜನಾ ವೆಚ್ಚಕ್ಕೆ ಸೇರಿಸುವ ಹಾಗಿಲ್ಲ, ಶೆಡ್ಡಿನ ಬಾಡಿಗೆಯನ್ನು ಗರಿಷ್ಠ ಮೂರು ವರ್ಷದ್ದು ಸೇರಿಸಬಹುದು. ಹಿಟ್ಟು ಕೊಳ್ಳಲು, ಕೂಲಿ ಕೊಡಲು ದಿನದ ಖರ್ಚಿಗೆ ಬೇಕಾದ ಹಣವನ್ನೂ ಕೈಲಿ ಇಟ್ಟುಕೊಳ್ಳಿ. ಮಷಿನ್ ಬಂದು ನಿಂತಿದೆ, ಜೋಳ ತರಲು ಕಾಸಿಲ್ಲ ಅನ್ನುವಂತಾಗಬಾರದು.

ಸಣ್ಣ ಉದ್ದಿಮೆ ಅಂತ ದಾಖಲಿಸುವ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಇದ್ದರೆ ಸಾಕು. ಸರ್ಕಾರಿ ಜಾಲತಾಣದಲ್ಲಿ ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ತಾಣಗಳು ಸುಮ್ನೆ ದುಡ್ಡು ಕೀಳುತ್ತವೆ, ಹುಷಾರು. ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ನೋಂದಣಿ ಮಾತ್ರ ಕಡ್ಡಾಯ, ಪ್ಯಾಕೆಟ್ ಮೇಲೆ ಅದರ ನಂಬರ್ ಇರಲೇಬೇಕು.

ಕೊನೆಗೆ ಇನ್ನೊಂದು. ಡಿಆರ್‌ಪಿಗೆ ಸಾಲ ಮಂಜೂರಾದಾಗ ಸಿಗುವುದು ಅರ್ಧ ಹಣ. ಉಳಿದರ್ಧ ನೋಂದಣಿಗಳು, ತರಬೇತಿ ಮುಗಿದು ಘಟಕ ನಿಂತ ಮೇಲೆ. ಆದ್ದರಿಂದ ಸಾಲ ಆದ ಮರುದಿನದಿಂದ ಅವರು ಫೋನ್ ಎತ್ತದಿದ್ದರೆ ಸುಮ್ಮನಿರಬೇಡಿ, ಜಂಟಿ ಕೃಷಿ ನಿರ್ದೇಶಕರ ಕಚೇರಿಗೆ ಹೋಗಿ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬನ್ನಿ.