ಪ್ರಮೋಷನ್ ಬೇಕಾ? ಮೊದಲು ಮೀಟಿಂಗ್ ನೋಟ್ಸ್ ಬರೆಯೋ ಕೆಲಸ ಹಂಚಿ

ಹೆಣ್ಣುಮಕ್ಕಳು ಮೇಲಿನ ಹುದ್ದೆಗೆ ಹೋಗದಂತೆ ತಡೆಯುವುದು ಯಾವುದೋ ಕೊನೆಯ ಬಾಗಿಲು ಅಂದುಕೊಂಡಿದ್ದೇವೆ. ಆದರೆ ಹಿಂದೆ ಬೀಳುವುದು ಮೊದಲ ಪ್ರಮೋಷನ್‌ನಲ್ಲೇ. ಅಮೆರಿಕದ ಕಂಪನಿಗಳ ಬಗ್ಗೆ ಸಲಹಾ ಕಂಪನಿ ಮೆಕಿನ್ಸಿ ಮತ್ತು ಹೆಂಗಸರ ಪರ ಕೆಲಸ ಮಾಡುವ ಸಂಸ್ಥೆ ಲೀನ್ ಇನ್ 2024ರಲ್ಲಿ ಕೊಟ್ಟ ವರದಿ ನೋಡಿ: 100 ಗಂಡಸರು ಮೊದಲ ಸಲ ಮ್ಯಾನೇಜರ್ ಆದರೆ, ಹೆಂಗಸರು 81 ಮಾತ್ರ. ಅಲ್ಲಿ ತಪ್ಪಿದ್ದು ಮುಂದೆ ಪ್ರತಿ ಹಂತದಲ್ಲೂ ತಪ್ಪುತ್ತದೆ. ಹಾಗಾಗಿ ಈಗಲೇ ಶುರು ಮಾಡಿ.

ಈ ವಾರ ನೀವು ಮಾಡಿದ ಕೆಲಸಗಳನ್ನೆಲ್ಲ ಒಂದು ಕಡೆ ಬರೆಯಿರಿ. ನೋಟ್ಸ್ ತೆಗೆದದ್ದು, ಬೀಳ್ಕೊಡುಗೆಗೆ ಓಡಾಡಿದ್ದು, ಹೊಸಬರಿಗೆ ಎಲ್ಲ ತೋರಿಸಿಕೊಟ್ಟದ್ದು. ಇವುಗಳಲ್ಲಿ ಪ್ರಮೋಷನ್ ಮೀಟಿಂಗ್‌ನಲ್ಲಿ ಯಾರಾದರೂ ಬಾಯಿಬಿಟ್ಟು ಹೇಳುವಂಥದ್ದು ಎಷ್ಟಿದೆ? ಅರ್ಥಶಾಸ್ತ್ರಜ್ಞೆ ಲಿಂಡಾ ಬ್ಯಾಬ್‌ಕಾಕ್ ಮತ್ತು ಜೊತೆಗಾರರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡಸರು ಹೆಂಗಸರು ಒಟ್ಟಿಗಿದ್ದಾಗ ಇಂಥ ಕೆಲಸಕ್ಕೆ ಹೆಂಗಸರೇ ಜಾಸ್ತಿ ಮುಂದೆ ಬಂದರು. ಗಂಡಸರಷ್ಟೇ ಇದ್ದಾಗ ಅವರೇ ಮಾಡಿದರು! ಅಂದರೆ ಅವರಿಗೆ ಬರುವುದಿಲ್ಲ ಅಂತಲ್ಲ. ಸುಮ್ನೆ 'ಆಗಲ್ಲ' ಅಂದರೆ ಕೆಟ್ಟ ಹೆಸರು ನಿಮಗೇ, ಅದಕ್ಕೆ ಹೀಗೆ ಹೇಳಿ: "ಕಳೆದ ಸಲ ನಾನು ಬರೆದೆ, ಇನ್ಮೇಲೆ ಪಾಳಿ ಮಾಡೋಣ, ಈ ಸಲ ಯಾರು?" ಅಷ್ಟು ಹೇಳಿ ಸುಮ್ಮನಿರಿ. ಯಾರೂ ಮಾತಾಡದ ಆ ಕೆಲವು ಸೆಕೆಂಡ್ ಕಷ್ಟ, ಆದರೂ ಕೈ ಎತ್ತಬೇಡಿ.

ಉಳಿದ ಸಮಯವನ್ನು ಲಾಭ-ನಷ್ಟದ ಲೆಕ್ಕ ಇರುವ ಕಡೆ ಹಾಕಿ. ಸೇಲ್ಸ್, ಆಪರೇಷನ್ಸ್, ಪ್ರಾಡಕ್ಟ್. ಎಚ್ಆರ್ ಸಣ್ಣ ಕೆಲಸ ಅಂತ ಖಂಡಿತ ಹೇಳುತ್ತಿಲ್ಲ, ಆದರೆ ಸಿಇಒ ಹುಡುಕುವಾಗ ಹೆಚ್ಚಾಗಿ ನೋಡುವುದು ಲಾಭ-ನಷ್ಟದ ಲೆಕ್ಕ ನೋಡಿಕೊಂಡವರನ್ನೇ.

ಇನ್ನೊಂದು, ಸಲಹೆ ಕೊಡುವ ಮೆಂಟರ್ ಸಾಲದು. ನೀವಿಲ್ಲದ ಕೋಣೆಯಲ್ಲಿ ನಿಮ್ಮ ಹೆಸರು ಎತ್ತುವ ಸ್ಪಾನ್ಸರ್ ಬೇಕು. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಹಿರಿಯರೊಬ್ಬರನ್ನು ನೇರವಾಗಿ ಕೇಳಿ: "ಮುಂದಿನ ಚರ್ಚೆಯಲ್ಲಿ ನನ್ನ ಹೆಸರು ಹೇಳ್ತೀರಾ? ಇಲ್ಲ ಅಂದ್ರೆ ಏನು ಕಮ್ಮಿ ಇದೆ?" 'ಸ್ವಲ್ಪ ಕಾನ್ಫಿಡೆನ್ಸ್ ಬೇಕು' ಅನ್ನುವ ಉತ್ತರಕ್ಕೆ ತೃಪ್ತಿಪಡಬೇಡಿ. ಎಲ್ಲಿ, ಯಾವಾಗ ಕಮ್ಮಿ ಅನ್ನಿಸಿತು ಅಂತ ಕೇಳಿ, ಅದನ್ನೇ ಅವತ್ತೇ ಮೇಲ್ ಮಾಡಿಬಿಡಿ. ಮಗು ಇದೆ, ಟ್ರಾವೆಲ್ ಮಾಡಲ್ಲ ಅಂತ ಅವರೇ ತೀರ್ಮಾನ ಮಾಡುವ ಮೊದಲು ನಿಮಗೆ ಏನು ಬೇಕೋ ನೀವೇ ಹೇಳಿ.

ಕೊನೆಗೆ ದೊಡ್ಡ ಹುದ್ದೆ ಬಂದಾಗಲೂ ಒಮ್ಮೆ ನಿಲ್ಲಿ. ಬ್ರಿಟನ್ ಕಂಪನಿಗಳನ್ನು ನೋಡಿದ ಮನಶ್ಶಾಸ್ತ್ರಜ್ಞರಾದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2005ರಲ್ಲಿ ಹೇಳಿದ್ದು, ಷೇರು ಬೆಲೆ ಕುಸಿಯುತ್ತಿದ್ದ ಹೊತ್ತಿನಲ್ಲೇ ಆಡಳಿತ ಮಂಡಳಿಗೆ ಹೆಂಗಸರನ್ನು ತಂದದ್ದು ಜಾಸ್ತಿ ಅಂತ. ಹಿಂದಿನವರು ಯಾಕೆ ಬಿಟ್ಟರು, ಬಜೆಟ್ ಎಷ್ಟು, ಎಷ್ಟು ಸಮಯ ಕೊಡುತ್ತೀರಿ, ಇದೆಲ್ಲ ಬರವಣಿಗೆಯಲ್ಲಿ ಬಂದ ಮೇಲೆ ಸಹಿ ಹಾಕಿ.