ಪ್ಲಗ್ ತಗೊಳ್ಳುವ ಮೊದಲು ಅದರ ನಂಬರ್ ಓದಿ

ಎಂಜಿನ್ನಿನ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಬೈಕಿನ ಸ್ಪಾರ್ಕ್ ಪ್ಲಗ್ ನಾನೇ ಬದಲಿಸುತ್ತೇನೆ. ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದ ಮನೆ. ಮಳೆಗಾಲದ ಬೆಳಿಗ್ಗೆ ಬೈಕ್ ಸ್ಟಾರ್ಟ್ ಆಗದಿದ್ದರೆ ಗ್ಯಾರೇಜಿನವರೆಗೆ ಏರು ದಾರಿಯಲ್ಲಿ ತಳ್ಳಿಕೊಂಡು ಹೋಗುವುದು ಆಗುವ ಕೆಲಸ ಅಲ್ಲ. ಹಾಗಾಗಿ ಕಲಿತೆ. ಬಿಚ್ಚುವುದು, ಹಾಕುವುದು ಸುಲಭ. ಸರಿಯಾದ ಪ್ಲಗ್ ಆರಿಸುವುದಕ್ಕೇ ಜಾಸ್ತಿ ತಲೆ ಓಡಿಸಬೇಕು, ಅದರ ಬಗ್ಗೆ ಅಂಗಡಿಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಸ್ಟಾರ್ಟ್ ಆಗಲು ತಡ ಆಗುವುದು, ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗುವುದು, ಏರು ಹತ್ತುವಾಗ ಎಳೆತ ಇಲ್ಲದೆ ಜಗ್ಗುವುದು, ಮೈಲೇಜ್ ಇಳಿಯುವುದು, ಇವೆಲ್ಲ ಪ್ಲಗ್ ಹಳೆಯದಾದ ಲಕ್ಷಣಗಳು. ಆದರೆ ಏರ್ ಫಿಲ್ಟರ್ ಕಟ್ಟಿಕೊಂಡರೂ ಇದೇ ಆಗುತ್ತದೆ. ಜೋರು ಮಳೆಯಲ್ಲಿ ಪ್ಲಗ್ ಕ್ಯಾಪಿನ (ವಯರ್ ತುದಿಯಲ್ಲಿ ಪ್ಲಗ್ಗಿಗೆ ಸಿಕ್ಕಿಸುವ ಟೊಪ್ಪಿಯ) ಒಳಗೆ ನೀರು ಹೋದರೂ ಆಗುತ್ತದೆ. ಜೂನ್, ಜುಲೈಯಲ್ಲಿ ನಾನು ಮೊದಲು ಮಾಡುವುದು ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಒಳಗಿನ ರಬ್ಬರ್ ಬಿರುಕು ಬಿಟ್ಟಿದೆಯಾ ಅಂತ ನೋಡುವುದು. ಎಷ್ಟೋ ಸಲ ಅಷ್ಟರಲ್ಲೇ ಬೈಕ್ ಸರಿಯಾಗುತ್ತದೆ.

ಈಗ ನಂಬರ್ ವಿಷಯ. ನನ್ನ ಬೈಕಿನ ಪ್ಲಗ್ ಮೇಲೆ ಸಿಪಿಆರ್8ಇಎ-9 ಅಂತ ಇದೆ. ಎನ್‌ಜಿಕೆ ಕಂಪನಿಯದ್ದು. ಇದು ಸುಮ್ನೆ ಹಾಕಿದ ನಂಬರ್ ಅಲ್ಲ, ಒಂದೊಂದು ಅಕ್ಷರಕ್ಕೂ ಅರ್ಥ ಇದೆ. ಸಿ ಅಂದರೆ ಮರೆ (ತಿರುಗಿಸಿ ಕೂರಿಸುವ ಥ್ರೆಡ್ ಇರುವ ಭಾಗ) 10 ಮಿ.ಮೀ. ದಪ್ಪ, 16ರ ಸ್ಪ್ಯಾನರ್ ಬೇಕು. ಪಿ ಅಂದರೆ ತುದಿಯ ಬಿಳಿ ಪಿಂಗಾಣಿ ಸ್ವಲ್ಪ ಮುಂದೆ ಚಾಚಿಕೊಂಡಿರುತ್ತದೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, ಕಿಡಿ ಹಾರುವಾಗ ಬೈಕಿನ ಎಲೆಕ್ಟ್ರಾನಿಕ್ಸ್‌ಗೆ ತೊಂದರೆ ಆಗದ ಹಾಗೆ ಅದು ತಡೆಯುತ್ತದೆ. ಕಾರ್ಬ್ಯುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವ ಈಗಿನ ಬೈಕುಗಳಲ್ಲಿ ಈ ಆರ್ ಬಿಡಬಾರದು. 8 ಅಂದರೆ ಹೀಟ್ ರೇಂಜ್, ಅದನ್ನು ಮುಂದೆ ಹೇಳುತ್ತೇನೆ. ಇ ಅಂದರೆ ಮರೆಯ ಉದ್ದ 19 ಮಿ.ಮೀ. ಎ ಅಂದರೆ ಕಂಪನಿಯ ಬೇರೆ ವಿನ್ಯಾಸದ ಗುರುತು. ಕೊನೆಯ 9 ಅಂದರೆ ಗ್ಯಾಪ್, ಅಂದರೆ ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು, 0.9 ಮಿ.ಮೀ.

ಒಂದು ಸಲ ಅಂಗಡಿಯಲ್ಲಿ ಪ್ಲಗ್ ಕೇಳಿದಾಗ ಹುಡುಗ ತಂದದ್ದು ಇ ಬದಲು ಎಚ್ ಇದ್ದದ್ದು. "ಇದೂ ಕೂತ್ಕೊಳ್ತದೆ ಅಣ್ಣ, ಎಲ್ಲರೂ ತಗೊಂಡು ಹೋಗ್ತಾರೆ" ಅಂದ. ಕೂತುಕೊಳ್ಳುವುದು ನಿಜ, ದಪ್ಪ ಒಂದೇ ಅಲ್ವಾ. ಆದರೆ ಎಚ್ ಅಂದರೆ ಉದ್ದ 12.7 ಮಿ.ಮೀ. ಮಾತ್ರ. 19 ಬೇಕಾದ ಹೆಡ್ಡಿಗೆ (ಪ್ಲಗ್ ಕೂರುವ ಎಂಜಿನ್ನಿನ ಮೇಲ್ಭಾಗಕ್ಕೆ) ಅದನ್ನು ಹಾಕಿದರೆ ಕಿಡಿ ತೂತಿನ ಒಳಗೇ ಉಳಿಯುತ್ತದೆ, ಪೆಟ್ರೋಲ್ ಸರಿಯಾಗಿ ಉರಿಯುವುದಿಲ್ಲ, ಕೆಳಗೆ ಬರಿದಾಗಿ ಉಳಿದ ಮರೆಗೆ ಕಾರ್ಬನ್ ಹಿಡಿದು ಮುಂದೆ ಸರಿಯಾದ ಪ್ಲಗ್ ಹಾಕಲು ಹೋದರೂ ಇಳಿಯುವುದಿಲ್ಲ. ಚಿಕ್ಕದು ಬೇಕಾದಲ್ಲಿ ಉದ್ದದ್ದು ಹಾಕಿದರೆ ಇನ್ನೂ ಅಪಾಯ, ಪಿಸ್ಟನ್ನಿಗೇ ಬಡಿಯಬಹುದು. ನಾನು ಹಳೆಯ ಪ್ಲಗ್ ಜೇಬಿನಿಂದ ತೆಗೆದು ಎರಡನ್ನೂ ಕೌಂಟರಿನ ಮೇಲೆ ಜೊತೆಗೆ ನಿಲ್ಲಿಸಿದೆ. ಅವನಿಗೂ ಕಂಡಿತು, ಒಳಗೆ ಹೋಗಿ ಸರಿಯಾದದ್ದು ಹುಡುಕಿ ತಂದ. ಹಾಗಾಗಿ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹಳೆಯದನ್ನು ಹಿಂದೆ ಯಾರೋ ತಪ್ಪು ಹಾಕಿರಲೂಬಹುದು, ಆದ್ದರಿಂದ ಬೈಕಿನ ಮ್ಯಾನುಯಲ್ ಜೊತೆ ಒಮ್ಮೆ ತಾಳೆ ನೋಡಿ.

ಹೀಟ್ ರೇಂಜ್ ವಿಷಯದಲ್ಲಿ ಗೊಂದಲ ಜಾಸ್ತಿ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಆದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 800 ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಹಾಳಾಗುವ ಅಪಾಯ. ಈ ಎರಡರ ನಡುವೆ ತುದಿ ಇರಬೇಕು. ಎನ್‌ಜಿಕೆ, ಡೆನ್ಸೊ ಪ್ಲಗ್ಗುಗಳಲ್ಲಿ ನಂಬರ್ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಅಂದರೆ ಶಾಖವನ್ನು ಬೇಗ ಹೆಡ್ಡಿಗೆ ಬಿಟ್ಟುಕೊಡುತ್ತದೆ. ಬಾಷ್, ಚಾಂಪಿಯನ್‌ಗಳಲ್ಲಿ ಇದು ಉಲ್ಟಾ, ನಂಬರ್ ದೊಡ್ಡದಾದರೆ ಬಿಸಿ. ಎನ್‌ಜಿಕೆಯ 8 ಡೆನ್ಸೊದಲ್ಲಿ 24 ಆಗುತ್ತದೆ. ಹಾಗಾಗಿ ಕಂಪನಿ ಬದಲಿಸುವಾಗ ಬರೀ ನಂಬರ್ ನೋಡಿ ಲೆಕ್ಕ ಹಾಕಬೇಡಿ, ಹೋಲಿಕೆ ಪಟ್ಟಿ ನೋಡಿಯೇ ತಗೊಳ್ಳಿ.

ನಮ್ಮ ಕಡೆ ಕೆಲವರು "ಮಳೆಗಾಲಕ್ಕೆ 7 ಹಾಕು ಮಾರಾಯ, ಮಸಿ ಹಿಡಿಯುವುದಿಲ್ಲ" ಅನ್ನುತ್ತಾರೆ. 7 ಅಂದರೆ 8ಕ್ಕಿಂತ ಬಿಸಿ ಪ್ಲಗ್. ಮನೆಯಿಂದ ಹಾಲಿನ ಸೊಸೈಟಿಗೆ, ಅಲ್ಲಿಂದ ವಾಪಸ್, ಇಷ್ಟೇ ಓಡಿಸುವ ಬೈಕಿನ ಪ್ಲಗ್ ಬಿಸಿಯೇ ಆಗದೆ ಕಪ್ಪಾಗುವುದು ಹೌದು. ಆದರೂ ನಾನು 8 ಬಿಟ್ಟು ಹೋಗಿಲ್ಲ. ಅದೇ ಬೈಕಿನಲ್ಲಿ ಇಬ್ಬರು ಕೂತು ಪೆರ್ಲ ದಾಟಿ ಅಡ್ಯನಡ್ಕ, ವಿಟ್ಲ ಅಂತ ಬೇಸಿಗೆಯ ಬಿಸಿಲಿಗೆ ಹೋಗುವುದೂ ಉಂಟು, ಆಗ ಎಂಜಿನ್ ಕಾಯುವುದೇ ಬೇರೆ. ಮಸಿಗೆ ಮದ್ದು ಆಗಾಗ ಒಂದಷ್ಟು ದೂರ ಓಡಿಸುವುದು. ಕಾಸರಗೋಡಿಗೆ ಹೋಗಿ ಬಂದರೆ ಸಾಕು.

ಇರಿಡಿಯಂ ಪ್ಲಗ್ ಹಾಕಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ತುದಿ ಸಪೂರ ಇರುವುದರಿಂದ ಕಿಡಿ ಸುಲಭವಾಗಿ ಹಾರುತ್ತದೆ, ಬಾಳಿಕೆಯೂ ಜಾಸ್ತಿ. ಬೆಲೆ ಕೆಲವು ಪಟ್ಟು ಹೆಚ್ಚು. ಅದರಿಂದ ಬೈಕಿಗೆ ಹೊಸ ಶಕ್ತಿ ಬರುವುದಿಲ್ಲ. ಕಂಪನಿಯೇ ಅದನ್ನು ಹೇಳಿದ್ದರೆ ಹಾಕಿ, ಇಲ್ಲದಿದ್ದರೆ ಸಾದಾ ನಿಕ್ಕಲ್ ಪ್ಲಗ್ ಧಾರಾಳ ಸಾಕು. ಡುಪ್ಲಿಕೇಟ್ ಬಗ್ಗೆ ಮಾತ್ರ ಜಾಗ್ರತೆ. ವಾಷರ್ ಸಡಿಲ ಇದ್ದು ಕೈಗೆ ಕಳಚಿ ಬಂದರೆ, ಅಕ್ಷರ ಮಸುಕಾಗಿದ್ದರೆ, ನಡುವಿನ ತುದಿ ಓರೆ ಇದ್ದರೆ ವಾಪಸ್ ಕೊಡಿ.

ಇನ್ನು ಬದಲಿಸುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ಬಿಚ್ಚಿದರೆ ಮರೆ ಕಿತ್ತು ಬರಬಹುದು. ಕ್ಯಾಪನ್ನು ವಯರ್ ಹಿಡಿದು ಎಳೆಯಬಾರದು, ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಗಿಸಿ ತೆಗೆಯಬೇಕು. ನಮ್ಮ ಕೆಂಪು ಮಣ್ಣು ಪ್ಲಗ್ಗಿನ ಸುತ್ತ ನುಣ್ಣಗೆ ಕೂತಿರುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದು ಅದನ್ನು ತೆಗೆಯಿರಿ. ಸ್ಪ್ಯಾನರಿನಿಂದ ಕಾಲು ಸುತ್ತು ಸಡಿಲ ಮಾಡಿ ಮತ್ತೊಮ್ಮೆ ಗಾಳಿ ಹೊಡೆಯಿರಿ, ಆಮೇಲೆ ಪೂರ್ತಿ ಬಿಚ್ಚಿ. ಒಂದು ಹರಳು ಸಿಲಿಂಡರಿನ ಒಳಗೆ ಬಿದ್ದರೆ ಗೋಡೆಯನ್ನೇ ಗೀರುತ್ತದೆ.

ಹೊರಗೆ ಬಂದ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ತುದಿ ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಜಿಡ್ಡಾಗಿ ಒದ್ದೆ ಇದ್ದರೆ ಎಣ್ಣೆ ಒಳಗೆ ಬಾರದಂತೆ ತಡೆಯುವ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಹೊಸ ಪ್ಲಗ್ ಹಾಕಿದರೂ ಅದು ಮತ್ತೆ ಹಾಗೇ ಆಗುತ್ತದೆ. ಬಿಳುಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿ ಬಿಸಿ, ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿ.

ಹೊಸದರ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳಲ್ಲಿ) ನೋಡಿ. ಪೆಟ್ಟಿಗೆ ಕೆಳಗೆ ಬಿದ್ದಿದ್ದರೂ ಗ್ಯಾಪ್ ಬದಲಾಗಿರಬಹುದು. ಬಗ್ಗಿಸುವುದಿದ್ದರೆ ಹೊರಗಿನ ಕೊಕ್ಕೆಯನ್ನು ಮಾತ್ರ, ನಡುವಿನದ್ದನ್ನು ಮುಟ್ಟಬೇಡಿ. ಹಾಕುವಾಗ ನಾನು ಹಳೆಯ ಪೆಟ್ರೋಲ್ ಪೈಪಿನ ಒಂದು ತುಂಡನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ಅದರಿಂದಲೇ ತಿರುಗಿಸುತ್ತೇನೆ. ಮೊದಲು ಹಿಂದಕ್ಕೆ ತಿರುಗಿಸಿದರೆ ಒಂದು ಕಡೆ ಸಣ್ಣಗೆ ಟಕ್ ಅಂತ ಕೂರುತ್ತದೆ, ಅಲ್ಲಿಂದ ಮುಂದಕ್ಕೆ. ಮರೆ ಓರೆ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಹಾಳಾಗುವುದಿಲ್ಲ. ಮೊದಲೇ ಸ್ಪ್ಯಾನರ್ ಹಾಕಿದರೆ ಈ ಸುಳಿವು ಕೈಗೆ ಸಿಗುವುದೇ ಇಲ್ಲ. ಕೈಯಲ್ಲಿ ಪೂರ್ತಿ ಕೂತ ಮೇಲೆ ಸ್ಪ್ಯಾನರಿನಿಂದ ಸುಮಾರು ಅರ್ಧ ಸುತ್ತು, ಹೊಸ ವಾಷರ್ ಅಮುಕಿಕೊಳ್ಳುವುದು ಕೈಗೆ ಗೊತ್ತಾಗುತ್ತದೆ. ಹಳೆಯದನ್ನೇ ಮತ್ತೆ ಹಾಕುವುದಾದರೆ ಗಡಿಯಾರದ ನಿಮಿಷದ ಮುಳ್ಳು ಐದು ನಿಮಿಷಕ್ಕೆ ಸರಿಯುವಷ್ಟು ಮಾತ್ರ ತಿರುಗಿಸಿದರೆ ಸಾಕು. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಸ್ಪ್ಯಾನರ್) ಇದ್ದವರಿಗೆ, 10 ಮಿ.ಮೀ. ಮರೆಗೆ 10ರಿಂದ 12 ನ್ಯೂಟನ್ ಮೀಟರ್. ಕ್ಯಾಪ್ ಟಕ್ ಅನ್ನುವವರೆಗೆ ಒತ್ತಿ.

ತೋಟದ ಕಳೆ ಕತ್ತರಿಸುವ ಮೆಷಿನ್ನಿಗೂ ಇದೇ ಕ್ರಮ, ಆದರೆ ಪ್ಲಗ್ ಬೇರೆ. ನಮ್ಮದರಲ್ಲಿ ಬಿಪಿಎಂಆರ್7ಎ ಇದೆ, ಮರೆ 14 ಮಿ.ಮೀ., ಸ್ಪ್ಯಾನರ್ 19ರದ್ದು. ಎರಡರ ನಂಬರನ್ನೂ ಟೂಲ್ ಡಬ್ಬದ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಟ್ಟಿದ್ದೇನೆ, ಅಂಗಡಿಗೆ ಮನೆಯವರು ಯಾರು ಹೋದರೂ ಅದನ್ನೇ ನೋಡಿ ತರುತ್ತಾರೆ.